ಬೇಲಿ ಎದ್ದು ಹೊಲ ಮೇಯ್ದಾಗ
ಲೂಪಸ್ ರೋಗದಲ್ಲಿ ಪ್ರತಿಕಾಯಗಳ ರಚನೆಯೂ ಮೂತ್ರಪಿಂಡಗಳ ಕೇಡೂ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ನಮ್ಮ ರೈತರು ಕೇಳುವುದುಂಟು. ಪೈರನ್ನು ದನಕರುಗಳಿಂದ ಕಾಪಾಡಲೆಂದು ಕಟ್ಟಿದ ಬೇಲಿಯೇ ಪೈರಿಗೆ ಶತ್ರುವಾದರೆ ರೈತನು ಯಾರಲ್ಲಿ ದೂರಿಕೊಳ್ಳಬೇಕು? ಲೋಕವ್ಯವಹಾರದಲ್ಲಿ ಇಂತಹ ಪ್ರಸಂಗಗಳು ಅಪರೂಪವಲ್ಲ. ಆದರೆ ನಮ್ಮ ಶರೀರದೊಳಗೂ ಇಂತಹುದೇ ಒಂದು ಅನರ್ಥವು ನಡೆಯಬಹುದೆಂಬುದು ಅನೇಕರಿಗೆ ತಿಳಿಯದು. ರೋಗಾಣುಗಳನ್ನು ತಡೆಯಲೆಂದು ದೇಹವು ತಾನೇ ನಿರ್ಮಿಸಿಕೊಂಡ ರಕ್ಷಕ ವಸ್ತುಗಳು ದಾರಿತಪ್ಪಿ, ತಮ್ಮ ಒಡೆಯನ ಅಂಗಾಂಗಗಳನ್ನೇ ಘಾತಿಸುವ ರೋಗಗಳು ಹಲವುಂಟು. ಅವುಗಳಲ್ಲಿ ಲೂಪಸ್ ಎಂಬುದು ಮುಖ್ಯವಾದುದು. ಈ ರೋಗವು ಚರ್ಮ, ಕೀಲು, ರಕ್ತ, ಹೃದಯ, ಮಿದುಳು ಮುಂತಾದ ಯಾವ ಅಂಗವನ್ನಾದರೂ ಹಿಡಿಯಬಲ್ಲುದು. ಆದರೆ ಅದರ ಕ್ರೂರವಾದ ಹೊಡೆತವು ಬೀಳುವುದು ಮೂತ್ರಪಿಂಡಗಳ ಮೇಲೆ.

ಈ ವಿಷಯವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಏಕೆ ಪ್ರಸ್ತಾಪಿಸಬೇಕೆಂದು ಯಾರಾದರೂ ಕೇಳಬಹುದು. ಲೂಪಸ್ ರೋಗಿಗಳಲ್ಲಿ ೧೦ ಮಂದಿಗೆ ಸುಮಾರು ೯ ಮಂದಿ ಸ್ತ್ರೀಯರು. ಅವರಲ್ಲಿಯೂ ಹೆಚ್ಚಿನವರು ೧೫ ರಿಂದ ೪೫ ವರ್ಷ ವಯಸ್ಸಿನೊಳಗಿನವರು. ಎಂದರೆ ನಮ್ಮ ಮೇಲ್ತರಗತಿಗಳಲ್ಲಿ ಓದುತ್ತಿರುವ ಹೆಣ್ಣುಮಕ್ಕಳೂ, ಅವರ ಅಕ್ಕಂದಿರೂ, ತಾಯಂದಿರೂ ಇರುವ ವಯಸ್ಸು ಅದು. ರೋಗವು ಬಹು ವಿರಳವೆಂಬುದು ನಿಜ. ದೆಹಲಿಯ ಸಮೀಪದ ಗ್ರಾಮಗಳಲ್ಲಿ ನಡೆಸಿ ೧೯೯೩ ರಲ್ಲಿ ಪ್ರಕಟಿಸಿದ ಗಣತಿಯೊಂದರಲ್ಲಿ ಲಕ್ಷ ಜನರಿಗೆ ಸುಮಾರು ೩ ಮಂದಿ ರೋಗಿಗಳು ಕಂಡುಬಂದರು. ಆದರೂ ಬಂದ ಮನೆಗೆ ಅದು ವಿರಳವಲ್ಲ. ಮೊದಲೇ ಗುರುತಿಸಿದರೆ ಮೂತ್ರಪಿಂಡಗಳು ಉಳಿಯುತ್ತವೆ; ತಡವಾದರೆ ಹೋದುದು ಮರಳಿ ಬಾರದು. ಆದುದರಿಂದ ಇದನ್ನು ತಿಳಿದಿರುವುದು ಲೇಸು.

ಹೆಸರೂ ಇತಿಹಾಸವೂ

ಲೂಪಸ್ ಎಂಬುದು ಲ್ಯಾಟಿನ್ ಭಾಷೆಯ ಶಬ್ದ. ಅದಕ್ಕೆ ತೋಳವೆಂದು ಅರ್ಥ. ಮುಖದ ಮೇಲೆ ಏಳುವ ಹುಣ್ಣುಗಳು ತೋಳ ಕಚ್ಚಿದ ಗಾಯದಂತೆ ಕಾಣುವುವೆಂದು ಯುರೋಪಿನ ಹಳೆಯ ವೈದ್ಯರು ಆ ಹೆಸರನ್ನಿಟ್ಟರು. ಬಹುಕಾಲದವರೆಗೆ ಅದನ್ನು ಕೇವಲ ಚರ್ಮದ ಬೇನೆಯೆಂದೇ ಎಣಿಸಿದ್ದರು. ೧೮೭೨ ರಲ್ಲಿ ವಿಯೆನ್ನಾ ನಗರದ ಕಪೋಸಿ ಎಂಬ ವೈದ್ಯನು ಇದು ಶರೀರದ ಒಳಭಾಗಗಳನ್ನೂ ಹಿಡಿಯುವುದೆಂದು ವಿವರಿಸಿದನು. ೧೮೯೫ ರಿಂದ ಮುಂದಕ್ಕೆ ಪ್ರಸಿದ್ಧ ವೈದ್ಯ ಆಸ್ಲರನು ಇಂತಹ ರೋಗಿಗಳಲ್ಲಿ ಮೂತ್ರಪಿಂಡಗಳು ಕೆಡುವುದನ್ನು ಬರೆದಿಟ್ಟನು. ಆದರೆ ಕಾರಣವೇನೆಂಬುದು ಯಾರಿಗೂ ತಿಳಿಯಲಿಲ್ಲ.

ತಿಳಿಯದಿರುವುದಕ್ಕೆ ಒಂದು ನಿಮಿತ್ತವೂ ಇತ್ತು. ಜರ್ಮನಿಯ ಮಹಾವಿಜ್ಞಾನಿ ಪಾಲ್ ಎರ್ಲಿಕ್ ೧೯೦೧ ರಲ್ಲಿ ಒಂದು ತತ್ತ್ವವನ್ನು ಮಂಡಿಸಿದ್ದನು: ದೇಹವು ತನಗೆ ತಾನೇ ವಿಷವಾಗುವುದಕ್ಕೆ ಹೇಸುತ್ತದೆ, ಅದಕ್ಕೆ ಅವಕಾಶ ಕೊಡುವುದಿಲ್ಲ ಎಂಬುದೇ ಅದರ ಸಾರ. ಈ ಮಾತಿನ ಪ್ರಭಾವದಿಂದ ಹಲವು ದಶಕಗಳ ಕಾಲ ದೇಹವು ತನ್ನನ್ನೇ ಹೊಡೆದುಕೊಳ್ಳಬಹುದೆಂಬ ಕಡೆಗೆ ಹೆಚ್ಚಿನವರ ದೃಷ್ಟಿ ಹರಿಯಲಿಲ್ಲ. ೧೯೪೮ ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಹಾರ್‌ಗ್ರೇವ್ಸ್ ಮತ್ತು ಆತನ ಸಂಗಡಿಗರು ಲೂಪಸ್ ರೋಗಿಗಳ ಎಲುಬಿನ ಮಜ್ಜೆಯಲ್ಲಿ ಒಂದು ವಿಚಿತ್ರವನ್ನು ಕಂಡರು. ಬಿಳಿಯ ರಕ್ತಕಣಗಳು ಇತರ ಕೋಶಗಳ ಕೇಂದ್ರವನ್ನು ನುಂಗಿ ಕುಳಿತಿದ್ದವು. ೧೯೫೭ ರಲ್ಲಿ ಯುರೋಪು ಅಮೆರಿಕಗಳ ಹಲವು ಪ್ರಯೋಗಶಾಲೆಗಳಲ್ಲಿ ಏಕಕಾಲಕ್ಕೆ ಇದರ ಮರ್ಮವು ಹೊರಬಿದ್ದಿತು. ಈ ರೋಗಿಗಳ ರಕ್ತದಲ್ಲಿ ಡಿ.ಎನ್.ಎ. ಎಂಬ ವಸ್ತುವನ್ನು ಹಿಡಿಯುವ ಪ್ರತಿಕಾಯಗಳಿದ್ದವು. ಡಿ.ಎನ್.ಎ. ಎಂದರೆ ತಂದೆತಾಯಿಗಳ ಗುಣಗಳನ್ನು ಮಕ್ಕಳಿಗೆ ಸಾಗಿಸುವ, ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಇರುವ ದ್ರವ್ಯ. ತನ್ನ ಬಾಳಿನ ಮೂಲಪತ್ರವನ್ನೇ ದೇಹವು ಶತ್ರುವೆಂದು ಭಾವಿಸಿತ್ತು. ಹತ್ತು ವರ್ಷಗಳ ಬಳಿಕ, ೧೯೬೭ ರಲ್ಲಿ, ನ್ಯೂಯಾರ್ಕಿನ ಕುಂಕೆಲ್ ಮತ್ತು ಆತನ ಸಹೋದ್ಯೋಗಿಗಳು ಲೂಪಸ್ಸಿನಿಂದ ಕೆಟ್ಟ ಮೂತ್ರಪಿಂಡಗಳೊಳಗಿಂದಲೇ ಈ ಪ್ರತಿಕಾಯಗಳನ್ನು ಬಿಡಿಸಿ ತೆಗೆದರು. ರಕ್ತದಲ್ಲಿದ್ದುದಕ್ಕಿಂತ ಹೆಚ್ಚು ದಟ್ಟವಾಗಿ ಅವು ಅಲ್ಲಿ ಸೇರಿಕೊಂಡಿದ್ದವು. ಕಳ್ಳನು ಕದ್ದ ಮನೆಯಲ್ಲಿಯೇ ಸಿಕ್ಕಿಬಿದ್ದಂತಾಯಿತು.

ಮೂತ್ರಪಿಂಡವೆಂಬ ಸೋಸುಬಲೆ

ಈಗ ಮೂತ್ರಪಿಂಡದ ಕೆಲಸವನ್ನು ಸ್ವಲ್ಪ ನೋಡೋಣ. ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡು ಕಡೆಗಳಲ್ಲಿ, ಅವರೆಬೀಜದ ಆಕಾರದ ಎರಡು ಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು ೧೦ ಲಕ್ಷ ಸೋಸುವ ಘಟಕಗಳಿವೆ. ಪ್ರತಿಯೊಂದು ಘಟಕದ ತುದಿಯಲ್ಲಿ ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ರಕ್ತನಾಳಗಳು ನೂಲಿನ ಉಂಡೆಯಂತೆ ಸುತ್ತಿಕೊಂಡಿವೆ. ದಿನವೊಂದಕ್ಕೆ ಈ ಉಂಡೆಗಳ ಮೂಲಕ ಸುಮಾರು ೧೮೦ ಲೀಟರು ದ್ರವವು ಸೋಸಿ ಇಳಿಯುತ್ತದೆ. ೧೫ ಲೀಟರು ಹಿಡಿಯುವ ಕೊಡಗಳಲ್ಲಿ ತುಂಬಿದರೆ ೧೨ ಕೊಡಗಳಾದುವು! ಅದರಲ್ಲಿ ಬಹುಪಾಲನ್ನು ದೇಹವು ಹಿಂದಕ್ಕೆ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತದೆ.

ನಮ್ಮ ಕರಾವಳಿಯಲ್ಲಿ ಬೆಸ್ತರು ರಂಪಣಿ ಬಲೆಯನ್ನು ಎಳೆಯುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ನೀರೂ ಕಿರಿಮೀನುಗಳೂ ಕಣ್ಣುಗಳಿಂದ ನುಸುಳಿಹೋಗುತ್ತವೆ. ದೊಡ್ಡ ಮೀನುಗಳು ಉಳಿಯುತ್ತವೆ. ಮೂತ್ರಪಿಂಡದ ಬಲೆಯೂ ಹಾಗೆಯೇ. ನೀರು, ಉಪ್ಪು, ಯೂರಿಯಾ ಮುಂತಾದ ಸಣ್ಣ ವಸ್ತುಗಳು ದಾಟಿ ಹೋಗುತ್ತವೆ. ರಕ್ತಕಣಗಳೂ, ಆಲ್ಬುಮಿನ್ ಎಂಬ ಬೆಲೆಯುಳ್ಳ ಸಸಾರಜನಕವೂ ಉಳಿಯುತ್ತವೆ. ಈ ಬಲೆಗೆ ಮೂರು ಪದರಗಳು. ಒಳಗಿನದು ರಂಧ್ರಗಳುಳ್ಳ ರಕ್ತನಾಳದ ಗೋಡೆ. ಹೊರಗಿನದು ಬೆರಳುಗಳನ್ನು ಒಂದರೊಳಗೊಂದು ಹೆಣೆದಂತಿರುವ ಕೋಶಗಳ ಸಾಲು. ಇವೆರಡರ ನಡುವೆ ಆಧಾರಪೊರೆಯೆಂಬ ತೆಳುವಾದ ಹಾಸು. ಈ ಪೊರೆಯ ಮುಖ್ಯ ನಾರು ಕಾಲಜನ್. ಕಾಲಜನ್ ಎಳೆಗಳು ಮೂರೆಳೆಯ ಹಗ್ಗದಂತೆ ಹೊಸೆದಿರುವುವೆಂಬುದನ್ನು ೧೯೫೪-೫೫ ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತ ಅವರು ತೋರಿಸಿಕೊಟ್ಟುದು ಭಾರತೀಯ ವಿಜ್ಞಾನಕ್ಕೆ ಹೆಮ್ಮೆಯ ಸಂಗತಿ. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಅಣುಗಳ ರಚನೆಯನ್ನು ಅಭ್ಯಸಿಸುವ ವಿಭಾಗವನ್ನು ಕಟ್ಟಿದರು.

ಇನ್ನೊಂದು ವಿಶೇಷವನ್ನು ಇಲ್ಲಿ ನೆನಪಿನಲ್ಲಿಡಬೇಕು. ಈ ಬಲೆಯು ಕೇವಲ ರಂಧ್ರಗಳ ಬಲೆಯಲ್ಲ. ಅದರಲ್ಲಿ ಹೆಪರಾನ್ ಸಲ್ಫೇಟ್ ಎಂಬ ವಸ್ತುವಿದ್ದು, ಅದು ಋಣ ವಿದ್ಯುದಂಶವನ್ನು ಹೊತ್ತಿದೆ. ಒಂದೇ ಜಾತಿಯ ವಿದ್ಯುದಂಶಗಳು ಪರಸ್ಪರ ದೂಡುತ್ತವೆ, ಬೇರೆ ಜಾತಿಯವು ಸೆಳೆಯುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಭೌತಶಾಸ್ತ್ರದ ಪಾಠದಲ್ಲಿ ಓದಿರುತ್ತಾರೆ. ಈ ಸಣ್ಣ ನಿಯಮವೇ ನಮ್ಮ ಕಥೆಯ ಕೀಲಿಕೈ.

ಪ್ರತಿಕಾಯದ ರಚನೆ

ಪ್ರತಿಕಾಯವೆಂದರೇನು? ರೋಗಾಣುವೊಂದು ದೇಹವನ್ನು ಹೊಕ್ಕಾಗ ಅದನ್ನು ಹಿಡಿಯಲೆಂದು ಬಿಳಿಯ ರಕ್ತಕಣಗಳ ಒಂದು ವರ್ಗವು ತಯಾರಿಸುವ ಸಸಾರಜನಕ. ಅದರ ರಚನೆಯನ್ನು ಇಂಗ್ಲೆಂಡಿನ ಪೋರ್ಟರ್ ಮತ್ತು ಅಮೆರಿಕದ ಎಡೆಲ್‌ಮನ್ ಎಂಬವರು ಕಂಡುಹಿಡಿದರು. ಇದಕ್ಕಾಗಿ ೧೯೭೨ ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕವಣೆ ಮಾಡಲು ಮಕ್ಕಳು ಮುರಿದು ತರುವ ಕವಲುಕಡ್ಡಿಯನ್ನು ನೆನೆಯಿರಿ. ಪ್ರತಿಕಾಯದ ಆಕಾರವೂ ಅಂತಹುದೇ: ಒಂದು ಕಾಂಡ, ಎರಡು ಕವಲು. ಎರಡು ಉದ್ದನೆಯ, ಎರಡು ಚಿಕ್ಕ ಸರಪಳಿಗಳು ಸೇರಿ ಅದಾಗಿದೆ. ಕವಲುಗಳ ತುದಿಗಳು ಕೈಗಳಿದ್ದಂತೆ. ಒಂದೊಂದು ಕೈಗೂ ಆರು ಬಳುಕುವ ಬೆರಳುಗಳುಂಟು. ಹಿಡಿಯುವ ಕೆಲಸ ಈ ಬೆರಳುಗಳದು. ಕಾಂಡದ ಕೆಲಸ ಬೇರೆ: ಹಿಡಿದ ವಸ್ತುವನ್ನು ನಾಶಮಾಡಲು ಇತರ ಪಡೆಗಳನ್ನು ಕೂಗಿ ಕರೆಯುವುದು.

ಲೋಕದಲ್ಲಿ ರೋಗಾಣುಗಳು ಅಸಂಖ್ಯ. ಅಷ್ಟೂ ಬಗೆಯ ಕೈಗಳನ್ನು ದೇಹವು ಹೇಗೆ ಸಿದ್ಧಪಡಿಸೀತು? ಇದಕ್ಕೆ ಉತ್ತರವನ್ನು ಕಂಡುಹಿಡಿದು ೧೯೮೭ ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು ಜಪಾನಿನ ಟೊನೆಗಾವಾ. ನಮ್ಮ ಆನುವಂಶಿಕ ದ್ರವ್ಯದಲ್ಲಿ ಪ್ರತಿಕಾಯಗಳಿಗೆ ಬೇಕಾದ ತುಂಡುಗಳು ಬಿಡಿಬಿಡಿಯಾಗಿವೆ. ಉದ್ದನೆಯ ಸರಪಳಿಗೆ ಒಂದು ಬಗೆಯ ಸುಮಾರು ೪೦, ಇನ್ನೊಂದು ಬಗೆಯ ೨೩, ಮತ್ತೊಂದು ಬಗೆಯ ೬ ತುಂಡುಗಳು. ಪ್ರತಿಯೊಂದರಿಂದ ಒಂದೊಂದನ್ನು ಆರಿಸಿ ಜೋಡಿಸಿದರೆ ೫,೫೨೦ ಬಗೆಗಳಾಗುತ್ತವೆ. ಚಿಕ್ಕ ಸರಪಳಿಯಲ್ಲಿ ಹೀಗೆಯೇ ಸುಮಾರು ೩೨೦ ಬಗೆಗಳು. ಇವೆರಡನ್ನೂ ಗುಣಿಸಿ ನೋಡಿ: ೧೭ ಲಕ್ಷಕ್ಕೂ ಮಿಕ್ಕಿತು! ಅಷ್ಟೇ ಅಲ್ಲದೆ ಉದ್ದನೆಯ ಸರಪಳಿಯ ತುಂಡುಗಳು ಕೂಡುವ ಜಾಗದಲ್ಲಿ ಯಾವ ನಿಯಮಕ್ಕೂ ಒಳಪಡದೆ ಕೆಲವು ಅಕ್ಷರಗಳು ಸೇರಿಕೊಳ್ಳುತ್ತವೆ. ಆರು ಬೆರಳುಗಳಲ್ಲಿ ನಟ್ಟನಡುವಿನ ಬೆರಳು ಈ ಜಾಗದಲ್ಲಿಯೇ ಹುಟ್ಟುವುದರಿಂದ ಅದರ ವೈವಿಧ್ಯಕ್ಕೆ ಮಿತಿಯೇ ಇಲ್ಲ. ಮೇಲಾಗಿ, ರೋಗಾಣುವನ್ನು ಒಮ್ಮೆ ಕಂಡ ಕೋಶವು ತನ್ನ ಪ್ರತಿಕಾಯವನ್ನು ಅಲ್ಲಲ್ಲಿ ತಿದ್ದಿ, ಹೆಚ್ಚು ಬಿಗಿಯಾಗಿ ಹಿಡಿಯುವುದನ್ನು ಆರಿಸಿಕೊಳ್ಳುತ್ತದೆ.

ಇಲ್ಲಿ ಗೋವೆಗೆ ನೆರೆಯಾದ ಬೆಳಗಾವಿಯವರೊಬ್ಬರ ಹೆಸರನ್ನು ಹೇಳದಿರಲಾಗದು. ಬೆಳಗಾವಿಯಲ್ಲಿ ಹುಟ್ಟಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿಯೂ ವಿದ್ಯಾಭ್ಯಾಸ ಮಾಡಿದ ದಿನಕರ ಸಾಳುಂಕೆ ಅವರು ದೆಹಲಿಯಲ್ಲಿ ಪ್ರತಿಕಾಯಗಳ ರಚನೆಯನ್ನು ಬಹುಕಾಲ ಅಭ್ಯಸಿಸಿದರು. ಕನೂರಿ ರಾವ್ ಅವರ ತಂಡದೊಡನೆ ೨೦೦೦ ದಲ್ಲಿ ಅವರು ಪ್ರಕಟಿಸಿದ ಸಂಶೋಧನೆಯು ಒಂದು ಮುಖ್ಯ ವಿಷಯವನ್ನು ತಿಳಿಸಿತು. ಎಳೆಯ ಪ್ರತಿಕಾಯದ ಕೈ ಮೆತ್ತಗೆ ಬಳುಕುತ್ತದೆ. ತಿದ್ದುಪಡಿಗಳಾದಂತೆ ಅದು ಗಟ್ಟಿಯಾಗಿ ಒಂದೇ ವಸ್ತುವಿಗೆ ಸರಿಹೊಂದುತ್ತದೆ. ಬಳುಕುವ ಕೈ ಹಲವು ವಸ್ತುಗಳನ್ನು ಸಡಿಲವಾಗಿ ಹಿಡಿಯಬಲ್ಲುದು. ಬಿಗಿದ ಕೈ ಒಂದನ್ನು ಹಿಡಿದರೆ ಬಿಡದು. ಈ ಸಂಶೋಧನೆಯು ಲೂಪಸ್ಸನ್ನು ಕುರಿತದ್ದಲ್ಲವಾದರೂ, ಲೂಪಸ್ಸನ್ನು ಅರಿಯಲು ಅದು ಸಹಾಯಕವಾಗಿದೆ.

ಕೈ ದಾರಿತಪ್ಪುವ ಬಗೆ

ಡಿ.ಎನ್.ಎ.ಯ ಉದ್ದಕ್ಕೂ ಫಾಸ್ಫೇಟುಗಳ ಸಾಲಿದೆ. ಅವು ಋಣ ವಿದ್ಯುದಂಶವುಳ್ಳವು. ಆದುದರಿಂದ ಡಿ.ಎನ್.ಎ.ಯನ್ನು ಹಿಡಿಯಬೇಕಾದ ಕೈಯಲ್ಲಿ ಧನ ವಿದ್ಯುದಂಶವಿರಬೇಕು. ಸಸಾರಜನಕಗಳು ೨೦ ಬಗೆಯ ಅಮೈನೋ ಆಮ್ಲಗಳಿಂದ ಆಗಿವೆ. ಅವುಗಳಲ್ಲಿ ಅರ್ಜಿನೀನ್ ಎಂಬುದು ಧನ ವಿದ್ಯುದಂಶವನ್ನು ಹೊತ್ತುದು. ಲೂಪಸ್ ಪೀಡಿತ ಇಲಿಗಳಿಂದಲೂ ಮನುಷ್ಯರಿಂದಲೂ ಪಡೆದ ಪ್ರತಿಕಾಯಗಳನ್ನು ಪರೀಕ್ಷಿಸಿದಾಗ ಅವುಗಳ ಬೆರಳುಗಳಲ್ಲಿ, ಅದರಲ್ಲಿಯೂ ನಟ್ಟನಡುವಿನ ಬೆರಳಿನಲ್ಲಿ, ಅರ್ಜಿನೀನ್ ಹೇರಳವಾಗಿ ಕಂಡುಬಂದಿತು. ಅಮೆರಿಕದ ರಾಡಿಕ್, ವೈಗರ್ಟ್ ಮುಂತಾದವರು ಇಲಿಯ ಪ್ರತಿಕಾಯವೊಂದರಲ್ಲಿ ತಕ್ಕ ಸ್ಥಳಗಳಲ್ಲಿ ಅರ್ಜಿನೀನನ್ನು ಸೇರಿಸಿದರು, ಡಿ.ಎನ್.ಎ.ಯ ಮೇಲಿನ ಹಿಡಿತವು ಹೆಚ್ಚಿತು. ತೆಗೆದರು, ಹಿಡಿತವು ತಗ್ಗಿತು. ೨೦೦೫ ರಲ್ಲಿ ಜರ್ಮನಿಯ ಎರ್ಲಾಂಗೆನ್ ನಗರದ ವಿಜ್ಞಾನಿಗಳು ರೋಗಿಗಳ ಪ್ರತಿಕಾಯಗಳಲ್ಲಾಗಿದ್ದ ತಿದ್ದುಪಡಿಗಳನ್ನೆಲ್ಲ ಅಳಿಸಿ ಮೂಲರೂಪಕ್ಕೆ ತಂದು ನೋಡಿದರು. ಆಗ ಅವು ಡಿ.ಎನ್.ಎ.ಯನ್ನು ಹಿಡಿಯದಾದುವು. ಅಂದರೆ, ಈ ಪ್ರತಿಕಾಯಗಳು ಹುಟ್ಟುತ್ತಲೇ ದ್ರೋಹಿಗಳಲ್ಲ; ತಿದ್ದಿಕೊಳ್ಳುವ ದಾರಿಯಲ್ಲಿ ಕೆಟ್ಟವು.

ಆರೋಗ್ಯವಂತರಲ್ಲಿ ಇಂತಹ ಕೋಶಗಳು ಹುಟ್ಟುವುದೇ ಇಲ್ಲವೇ? ಹುಟ್ಟುತ್ತವೆ. ಆದರೆ ದೇಹವು ಅವುಗಳನ್ನು ಪತ್ತೆಹಚ್ಚಿ ಅಳಿಸುತ್ತದೆ, ಇಲ್ಲವೇ ಸುಮ್ಮನಾಗಿಸುತ್ತದೆ. ಲೂಪಸ್ಸಿನಲ್ಲಿ ಈ ತಪಾಸಣೆಯು ಸಡಿಲವಾಗುತ್ತದೆ. ಇದರ ಜೊತೆಗೆ ಕಸದ ತೊಂದರೆಯೂ ಉಂಟು. ನಮ್ಮ ಶರೀರದಲ್ಲಿ ಪ್ರತಿನಿತ್ಯವೂ ಕೋಟಿಗಟ್ಟಲೆ ಕೋಶಗಳು ಸಾಯುತ್ತವೆ. ಅವುಗಳ ಅವಶೇಷವನ್ನು ಬಳಿದು ನುಂಗುವ ಕೋಶಗಳು ಬೇರೆ ಇವೆ. ಈ ಕೆಲಸವು ನಿಧಾನವಾದರೆ ಡಿ.ಎನ್.ಎ. ಹೊರಗೆ ಬಿದ್ದಿರುತ್ತದೆ, ದಾರಿತಪ್ಪಿದ ಕೋಶಗಳಿಗೆ ಅದೇ ಪ್ರಚೋದನೆ. ಸೂರ್ಯನ ಅತಿನೇರಳೆ ಕಿರಣಗಳು ಚರ್ಮದ ಕೋಶಗಳನ್ನು ಸಾಯಿಸುವುದರಿಂದ ಬಿಸಿಲು ಈ ರೋಗವನ್ನು ಕೆರಳಿಸುತ್ತದೆ. ಅನುವಂಶದ ಒಲವು, ಸ್ತ್ರೀಯರ ದೇಹಧರ್ಮ, ಕೆಲವು ಸೋಂಕುಗಳು ಇವೂ ಕಾರಣಗಳಲ್ಲಿ ಸೇರಿವೆ.

ಮೂತ್ರಪಿಂಡಕ್ಕೆ ಬೆಂಕಿ ಬೀಳುವುದು ಹೇಗೆ?

ಡಿ.ಎನ್.ಎ.ಯನ್ನು ಹಿಡಿಯುವ ಪ್ರತಿಕಾಯವು ಮೂತ್ರಪಿಂಡವನ್ನು ಏಕೆ ಕೆಡಿಸಬೇಕು? ಇದಕ್ಕೆ ಮೂರು ದಾರಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಮೊದಲನೆಯದು, ಪ್ರತಿಕಾಯವೂ ಅದು ಹಿಡಿದ ವಸ್ತುವೂ ಸೇರಿ ಗಂಟುಗಳಾಗಿ ರಕ್ತದಲ್ಲಿ ತೇಲಿಬಂದು ಸೋಸುಬಲೆಯಲ್ಲಿ ಸಿಕ್ಕಿಕೊಳ್ಳುವುದು. ಮೋರಿಯ ಜಾಲರಿಯಲ್ಲಿ ಕಸ ಕಟ್ಟುವಂತೆ ಇದು.

ಎರಡನೆಯದರಲ್ಲಿ ವಿದ್ಯುದಂಶದ ಆಟವಿದೆ. ಕೋಶಕೇಂದ್ರದಲ್ಲಿ ಡಿ.ಎನ್.ಎ.ಯು ಹಿಸ್ಟೋನ್ ಎಂಬ ಸಸಾರಜನಕಗಳ ಉರುಳೆಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನುಗಳು ಧನ ವಿದ್ಯುದಂಶವುಳ್ಳವು. ಸತ್ತ ಕೋಶಗಳಿಂದ ಬಂದ ಇಂತಹ ಉರುಳೆಗಳು, ಋಣ ವಿದ್ಯುದಂಶವುಳ್ಳ ಸೋಸುಬಲೆಗೆ ಅಂಟಿಕೊಳ್ಳುತ್ತವೆ. ಅವುಗಳನ್ನು ಹಿಡಿಯಲು ಬಂದ ಪ್ರತಿಕಾಯವು ಅಲ್ಲಿಯೇ ನೆಲೆಯೂರುತ್ತದೆ. ಸೇತುವೆಯನ್ನು ಕಟ್ಟಿದವರು ಒಬ್ಬರು, ದಾಟಿ ಬಂದವರು ಇನ್ನೊಬ್ಬರು.

ಮೂರನೆಯದು, ಪ್ರತಿಕಾಯದ ಕೈ ಮೂತ್ರಪಿಂಡದ ಸ್ವಂತ ವಸ್ತುಗಳನ್ನೇ ಹಿಡಿಯುವುದು. ಕೆಲವು ಪ್ರತಿಕಾಯಗಳು ಡಿ.ಎನ್.ಎ.ಯನ್ನು ಹಿಡಿಯುವ ಕೈಯಿಂದಲೇ ಸೋಸುಬಲೆಯ ಕೋಶಗಳಲ್ಲಿರುವ ಆಲ್ಫಾ ಆಕ್ಟಿನಿನ್, ಪೊರೆಯಲ್ಲಿರುವ ಲ್ಯಾಮಿನಿನ್ ಮುಂತಾದವನ್ನೂ ಹಿಡಿಯುತ್ತವೆ. ಒಂದೇ ಕೀಲಿಕೈ ಎರಡು ಬೀಗಗಳಿಗೆ ಹೊಂದಿದಂತೆ.

ಹೇಗೆ ಬಂದರೂ, ಬಂದು ಕುಳಿತ ಪ್ರತಿಕಾಯದ ಕಾಂಡವು ಸುಮ್ಮನಿರದು. ಅದು ರಕ್ತದಲ್ಲಿರುವ ಪೂರಕ ಸಸಾರಜನಕಗಳನ್ನು ಕರೆಯುತ್ತದೆ. ಅವುಗಳಲ್ಲಿ ಮೊದಲನೆಯದು ಆರು ಮೊಗ್ಗುಗಳ ಗೊಂಚಲಿನಂತಿದ್ದು, ಒತ್ತಾಗಿ ಕುಳಿತ ಪ್ರತಿಕಾಯಗಳ ಕಾಂಡಗಳಿಗೆ ಹತ್ತಿಕೊಳ್ಳುತ್ತದೆ. ಒಂದರಿಂದ ಒಂದಕ್ಕೆ ಕಿಡಿ ಹಾರಿ, ಬಿಳಿಯ ಕಣಗಳು ಓಡಿಬಂದು, ಉರಿಯೂತವೆದ್ದು, ಸೋಸುಬಲೆಯು ಹರಿಯುತ್ತದೆ. ರೋಗಾಣುಗಳ ಮೇಲೆ ಹೂಡಬೇಕಾದ ಯುದ್ಧವು ಮನೆಯೊಳಗೇ ನಡೆಯುತ್ತದೆ. ರೋಗವು ಕೆರಳಿದಾಗ ರಕ್ತದಲ್ಲಿ ಡಿ.ಎನ್.ಎ. ವಿರೋಧಿ ಪ್ರತಿಕಾಯಗಳು ಏರಿ, ಪೂರಕ ಸಸಾರಜನಕಗಳು ಇಳಿಯುವುದನ್ನು ವೈದ್ಯರು ಅಳೆದು ನೋಡುವುದು ಇದಕ್ಕಾಗಿಯೇ.

ಆದರೆ ಡಿ.ಎನ್.ಎ. ವಿರೋಧಿ ಪ್ರತಿಕಾಯಗಳಿದ್ದವರೆಲ್ಲರ ಮೂತ್ರಪಿಂಡಗಳೂ ಕೆಡುವುದಿಲ್ಲ. ಲೂಪಸ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಈ ತೊಂದರೆ ಬರುತ್ತದೆ. ಕೈಯಲ್ಲಿ ಧನ ವಿದ್ಯುದಂಶವೆಷ್ಟು, ಹಿಡಿತದ ಬಿಗಿಯೆಷ್ಟು, ಮತ್ತಾವ ವಸ್ತುಗಳನ್ನು ಅದು ಹಿಡಿಯುವುದು, ಕಾಂಡವು ಯಾವ ವರ್ಗಕ್ಕೆ ಸೇರಿದುದು ಎಂಬವುಗಳ ಮೇಲೆ ಕೇಡಿನ ಪ್ರಮಾಣವು ನಿಂತಿದೆ. ಪ್ರತಿಕಾಯಗಳು ಪೊರೆಯ ಒಳಮಗ್ಗುಲಿಗೆ ಕುಳಿತರೆ ಉರಿಯೂತವು ತೀವ್ರ. ಹೊರಮಗ್ಗುಲಿಗೆ ಕುಳಿತರೆ ಸೋರಿಕೆಯು ಹೆಚ್ಚು. ಆದುದರಿಂದಲೇ ವೈದ್ಯರು ಸೂಜಿಯಿಂದ ಮೂತ್ರಪಿಂಡದ ಚಿಕ್ಕ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ೨೦೦೩ ರಲ್ಲಿ ಒಪ್ಪಿಕೊಂಡ ಕ್ರಮದಂತೆ ಈ ಬೇನೆಯನ್ನು ಆರು ವರ್ಗಗಳಾಗಿ ಮಾಡಿದ್ದಾರೆ. ಯಾವ ವರ್ಗವೆಂಬುದನ್ನು ತಿಳಿದೇ ಮದ್ದನ್ನು ಗೊತ್ತುಮಾಡುವರು. ಈ ಪರೀಕ್ಷೆಗೆ ಅಂಜಬೇಕಾಗಿಲ್ಲ.

ತಾಯಿತಂದೆಗಳು ಗಮನಿಸಬೇಕಾದುದು

ಮೂತ್ರಪಿಂಡದ ರೋಗವು ನೋವಿಲ್ಲದೆ ಬರುವುದೇ ಅದರ ಕಪಟ. ಆಲ್ಬುಮಿನ್ ಸೋರಿದಾಗ ಮೂತ್ರದಲ್ಲಿ ಸಾಬೂನಿನ ನೀರಿನಂತೆ ನೊರೆಯೇಳುತ್ತದೆ, ಬೇಗನೆ ಇಳಿಯುವುದಿಲ್ಲ. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿರುತ್ತವೆ. ಸಂಜೆಗೆ ಪಾದಗಳು ಬಾಯುತ್ತವೆ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ. ಮೂತ್ರವು ಕೆಂಪಾಗಬಹುದು. ಎಳೆಯ ವಯಸ್ಸಿನಲ್ಲಿಯೇ ರಕ್ತದ ಒತ್ತಡವು ಏರಬಹುದು. ಇವುಗಳೊಡನೆ ಬಹುದಿನದ ಜ್ವರ, ಕೀಲುನೋವು, ಬಾಯಿಹುಣ್ಣು, ಕೂದಲು ಉದುರುವಿಕೆ, ಬಿಸಿಲಿಗೆ ಹೋದರೆ ಕೆನ್ನೆಗಳ ಮೇಲೆ ಚಿಟ್ಟೆಯ ರೆಕ್ಕೆಯಂತೆ ಹರಡುವ ಕೆಂಪು, ಇವು ಕಂಡರೆ ಉದಾಸೀನ ಮಾಡಬಾರದು. ಕೆನ್ನೆಯ ಕೆಂಪನ್ನು ಬಂಗು ಎಂದೂ, ಕೀಲುನೋವನ್ನು ವಾತವೆಂದೂ ತಿಳಿದು ಅಂಗಡಿಯ ನೋವಿನ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುವವರುಂಟು. ಆ ಗುಳಿಗೆಗಳಲ್ಲಿ ಹಲವು ಮೂತ್ರಪಿಂಡಕ್ಕೆ ತಾವೇ ಹಾನಿಕರ.

ಬಿಜಾಪುರ, ಬಾಗಲಕೋಟೆ, ಗದಗ, ಬೆಳಗಾವಿ, ಕಾರವಾರಗಳಿಂದ ಬಂದು ವಾಸ್ಕೋ, ಮಡಗಾಂವ, ಪಣಜಿಗಳಲ್ಲಿ ನೆಲೆಸಿದ ನಮ್ಮವರಲ್ಲಿ ದಿನಗೂಲಿಯ ಮೇಲೆ ಬಾಳುವವರು ಬಹಳ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಗಳಿಕೆ ಹೋಯಿತೆಂಬ ಚಿಂತೆ ಅವರಿಗೆ ಸಹಜ. ಆದರೆ ಮೂತ್ರಪರೀಕ್ಷೆಯು ಅತಿ ಸುಲಭವಾದುದು, ಅಗ್ಗವಾದುದು. ನಮ್ಮ ಸಮೀಪದ ಸರಕಾರಿ ಆರೋಗ್ಯಕೇಂದ್ರದಿಂದ ಅದನ್ನು ಆರಂಭಿಸಬಹುದು. ಮುಂದಿನ ಪರೀಕ್ಷೆಗಳಿಗೆ ಬಾಂಬೋಲಿಂನಲ್ಲಿರುವ ಗೋವಾ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ೧೮೪೨ ರಲ್ಲಿ ಪಣಜಿಯಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿ ಆರಂಭವಾದ ವೈದ್ಯಶಾಲೆಯ ಪರಂಪರೆಯನ್ನು ಅದು ಮುಂದುವರಿಸಿಕೊಂಡು ಬಂದಿದೆ.

ಮೂತ್ರಪಿಂಡದ ಬೇನೆಯೆಲ್ಲವೂ ಲೂಪಸ್ಸಲ್ಲವೆಂಬುದನ್ನೂ ಹೇಳಬೇಕು. ಸಕ್ಕರೆಕಾಯಿಲೆ ಮತ್ತು ರಕ್ತದ ಒತ್ತಡಗಳಿಂದ ಕೆಡುವ ಮೂತ್ರಪಿಂಡಗಳೇ ಹೆಚ್ಚು. ನಮ್ಮ ದಕ್ಷಿಣ ಗೋವೆಯ ಕಾಣಕೋಣ ತಾಲ್ಲೂಕಿನಲ್ಲಿ, ಇವೆರಡೂ ಇಲ್ಲದವರಲ್ಲಿಯೂ ಮೂತ್ರಪಿಂಡಗಳು ಕೆಡುವ ಬೇರೊಂದು ಬೇನೆಯು ಕಂಡುಬಂದು ಸಂಶೋಧಕರ ಗಮನವನ್ನು ಸೆಳೆದಿದೆ. ಅದರ ಬಗೆ ಬೇರೆ. ಆದುದರಿಂದ ಲಕ್ಷಣಗಳನ್ನು ನೋಡಿ ಮನೆಯಲ್ಲಿಯೇ ರೋಗನಿರ್ಣಯ ಮಾಡದೆ ವೈದ್ಯರಲ್ಲಿಗೆ ಹೋಗುವುದೇ ಯುಕ್ತ.

ಚಿಕಿತ್ಸೆಯೂ ಧೈರ್ಯವೂ

೧೯೫೦ ರ ದಶಕದಲ್ಲಿ ಲೂಪಸ್ ಗುರುತಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕೈದು ವರ್ಷಗಳೊಳಗೆ ತೀರಿಕೊಳ್ಳುತ್ತಿದ್ದರು. ಇಂದು ತಕ್ಕ ಚಿಕಿತ್ಸೆ ದೊರೆತಲ್ಲಿ ೧೦ ರಲ್ಲಿ ೯ ಮಂದಿ ೧೦ ವರ್ಷಗಳಾಚೆಗೂ ಬದುಕಿರುತ್ತಾರೆ. ಈ ಅಂತರವು ವಿಜ್ಞಾನದ ಕೊಡುಗೆ. ಉರಿಯನ್ನು ತಣಿಸಲು ಸ್ಟೀರಾಯ್ಡುಗಳು. ದಾರಿತಪ್ಪಿದ ಕೋಶಗಳನ್ನು ಹದ್ದಿನಲ್ಲಿಡಲು ಸೈಕ್ಲೋಫಾಸ್ಫಮೈಡ್, ಮೈಕೋಫಿನೋಲೇಟ್ ಮುಂತಾದ ಮದ್ದುಗಳು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ಲೋರೋಕ್ವಿನ್ನಿನ ಹತ್ತಿರದ ನೆಂಟನಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಇವು ಮುಖ್ಯವಾದವು. ಈ ಕೊನೆಯದನ್ನು ಬಹುಕಾಲ ಸೇವಿಸುವವರು ಕಣ್ಣುಗಳನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು. ಪ್ರತಿಕಾಯವನ್ನು ತಯಾರಿಸುವ ಕೋಶಗಳನ್ನೇ ಗುರಿಯಾಗಿಸಿದ ಬೆಲಿಮುಮಾಬ್ ಎಂಬ ಮದ್ದು ೨೦೧೧ ರಲ್ಲಿ ಅಮೆರಿಕದಲ್ಲಿ ಲೂಪಸ್ಸಿಗೆ ಮಂಜೂರಾಯಿತು. ೨೦೨೦ ರಲ್ಲಿ ಮೂತ್ರಪಿಂಡದ ಲೂಪಸ್ಸಿಗೂ ಅನುಮತಿ ದೊರೆಯಿತು. ಸ್ವಾರಸ್ಯವೇನೆಂದರೆ, ಆ ಮದ್ದು ತಾನೂ ಒಂದು ಪ್ರತಿಕಾಯವೇ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತಾಯಿತು.

ಚಿಕಿತ್ಸೆಯಲ್ಲಿ ದೊಡ್ಡ ವಿಘ್ನವೆಂದರೆ ಅರ್ಧಕ್ಕೇ ಬಿಡುವುದು. ಊತ ಇಳಿಯಿತು, ಮುಖ ತಿಳಿಯಾಯಿತು, ಇನ್ನೇಕೆ ಮದ್ದು ಎಂದು ನಿಲ್ಲಿಸಿದರೆ ಬೂದಿಯಡಿಯ ಕೆಂಡವು ಮತ್ತೆ ಹೊತ್ತುತ್ತದೆ. ಸ್ಟೀರಾಯ್ಡುಗಳನ್ನು ಹಠಾತ್ತನೆ ಬಿಡುವುದು ಪ್ರಾಣಕ್ಕೇ ಅಪಾಯ. ಮುಖ ದುಂಡಗಾಯಿತೆಂದು ಗೆಳತಿಯರು ನಗುವುದರಿಂದ ಮದ್ದನ್ನು ಕದ್ದು ಬಿಡುವ ಹುಡುಗಿಯರೂ ಉಂಟು; ಸಹಪಾಠಿಗಳು ಇದನ್ನರಿತು ನಡೆದುಕೊಳ್ಳಬೇಕು. ಬಿಸಿಲಿನಲ್ಲಿ ಹೊರಡುವಾಗ ಕೊಡೆ, ತುಂಬು ತೋಳಿನ ಬಟ್ಟೆಗಳಿರಲಿ. ಉಪ್ಪು ಮಿತವಾಗಿರಲಿ, ನಮ್ಮ ಕರಾವಳಿಯ ಒಣಮೀನು, ಉಪ್ಪಿನಕಾಯಿಗಳ ಮೇಲೆ ಹಿಡಿತವಿರಲಿ.

ಕೊನೆಗೊಂದು ಮಾತು. ಲೂಪಸ್ ಅಂಟುರೋಗವಲ್ಲ. ಒಟ್ಟಿಗೆ ಕುಳಿತು ಉಂಡರೆ, ಒಂದೇ ಬೆಂಚಿನಲ್ಲಿ ಓದಿದರೆ ಬಾರದು. ಅದು ಯಾರ ಪಾಪದ ಫಲವೂ ಅಲ್ಲ, ಯಾರ ಕಣ್ಣುದೋಷವೂ ಅಲ್ಲ. ಈ ರೋಗವಿದ್ದ ಹೆಣ್ಣುಮಕ್ಕಳು ಓದಬಹುದು, ದುಡಿಯಬಹುದು, ಮದುವೆಯಾಗಬಹುದು. ರೋಗವು ಹತೋಟಿಯಲ್ಲಿದ್ದು, ಗರ್ಭಕ್ಕೆ ಮಾರಕವಾದ ಮದ್ದುಗಳನ್ನು ವೈದ್ಯರ ಸಲಹೆಯಂತೆ ಮೊದಲೇ ಬದಲಾಯಿಸಿಕೊಂಡರೆ ತಾಯಿಯೂ ಆಗಬಹುದು. ಹೆಣ್ಣಿಗೆ ರೋಗವೆಂದು ತಿಳಿದರೆ ಸಂಬಂಧ ಕೂಡಿಬಾರದೆಂದು ಅಂಜಿ, ಮನೆಯವರು ರೋಗವನ್ನು ಬಚ್ಚಿಟ್ಟು ಚಿಕಿತ್ಸೆಯನ್ನು ಮುಂದೂಡುವುದುಂಟು. ಬಚ್ಚಿಟ್ಟ ರೋಗವು ಬಚ್ಚಿಟ್ಟಲ್ಲಿಯೇ ಬೆಳೆಯುತ್ತದೆ. ಮೂತ್ರಪಿಂಡಗಳೆರಡೂ ಹೋದ ಮೇಲೆ ಯಂತ್ರದಿಂದ ರಕ್ತವನ್ನು ತೊಳೆಯುವುದೋ, ಮತ್ತೊಬ್ಬರ ಮೂತ್ರಪಿಂಡವನ್ನು ಜೋಡಿಸುವುದೋ ಇವೆರಡೇ ದಾರಿ. ಆ ಕಷ್ಟವನ್ನು ನೆನೆದರೆ ಇಂದಿನ ಒಂದು ದಿನದ ಗಳಿಕೆಯೂ, ನೆರೆಯವರ ಒಂದು ಮಾತೂ ಎಷ್ಟರದು?

ವಿದ್ಯಾರ್ಥಿಗಳೇ, ನಾಲ್ಕು ಸರಪಳಿ, ಆರು ಬೆರಳು, ಒಂದೆರಡು ಅರ್ಜಿನೀನ್ ಎಂದು ನಾವು ಎಣಿಸಿದ ಈ ಲೆಕ್ಕದಲ್ಲಿ ಒಂದು ಹುಡುಗಿಯ ಬಾಳು ಅಡಗಿದೆ. ಅಣುವಿನ ರಚನೆಯನ್ನು ಕಷ್ಟಪಟ್ಟು ಅರಿತವರಿಂದಲೇ ಈ ರೋಗದ ಮದ್ದುಗಳು ಬಂದುವು. ಆ ಕೆಲಸವಿನ್ನೂ ಮುಗಿದಿಲ್ಲ. ಒಳ್ಳೆಯ ಪ್ರತಿಕಾಯಗಳನ್ನು ಮುಟ್ಟದೆ ಕೆಟ್ಟವನ್ನಷ್ಟೇ ಆರಿಸಿ ಅಳಿಸುವ ಮದ್ದಿಗಾಗಿ ಲೋಕವು ಇನ್ನೂ ಹುಡುಕುತ್ತಿದೆ. ಬೆಳಗಾವಿ ಧಾರವಾಡಗಳಲ್ಲಿ ಓದಿದವರು ಈ ದಾರಿಯಲ್ಲಿ ನಡೆದಿದ್ದಾರೆ. ಗೋವೆಯ ಕನ್ನಡ ಶಾಲೆಯ ಮಕ್ಕಳೂ ನಡೆಯಬಲ್ಲರು. ಅಷ್ಟರವರೆಗೆ ನಮ್ಮ ಮನೆಮನೆಗಳಲ್ಲಿ ನೊರೆಯನ್ನು ನೋಡುವ ಕಣ್ಣೂ, ಪರೀಕ್ಷೆಗೆ ಹೋಗುವ ಕಾಲೂ, ಮದ್ದನ್ನು ಬಿಡದ ಮನಸ್ಸೂ ಇರಲಿ.